ಡಾಕ್ಟರ್ ರಾಮಪ್ಪನವರ ರೋಮನ್ ಬಿರುದು

ಡಾಕ್ಟರ್ ಸಿದ್ ರಾಮಪ್ಪನವರಿಗೆ ಎಪ್ಪತ್ತೊಂದು ತುಂಬಿತ್ತು, ಬಿರುದು ಮಾತ್ರ ಇನ್ನೂ ಒಂದೂ ಬಂದಿರಲಿಲ್ಲ. ಲೆಸ್ಟರ್ ಊರಿನಲ್ಲಿ ಮೂವತ್ತೆರಡು ವರ್ಷ ಜಿಪಿಯಾಗಿ ದುಡಿದು, ಅರ್ಧ ಊರಿನ ಕೆಮ್ಮು ಕೇಳಿ, ಇನ್ನರ್ಧ ಊರಿನ ಮಂಡಿನೋವಿಗೆ ಪ್ಯಾರಸಿಟಮಾಲ್ ಬರೆದುಕೊಟ್ಟ ಮನುಷ್ಯನಿಗೆ ಇದೇನು ಸಣ್ಣ ಅನ್ಯಾಯವೇ? ಮಧ್ಯ ಇಂಗ್ಲೆಂಡ್ ಕನ್ನಡ ಮಿತ್ರಕೂಟದವರು ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡಿ, ಯಾರಾದರೊಬ್ಬರ ತಲೆಗೆ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಒಂದು ಬಿರುದು ಅಂಟಿಸಿ ಕಳಿಸುತ್ತಿದ್ದರು. ಪೇಟ ಕೂಟದ್ದು, ಫೋಟೊ ತೆಗೆದ ಮೇಲೆ ವಾಪಸು ಕೊಡಬೇಕು. ಬಿರುದನ್ನು ಮಾತ್ರ ಮನೆಗೆ ಒಯ್ಯಬಹುದಿತ್ತು.

ಒಯ್ದವರು ಬಹಳ ಜನ. ಬರ್ಮಿಂಗ್‌ಹ್ಯಾಮ್‌ನ ಹೃದಯತಜ್ಞ ದಿವಾಕರ ‘ವೈದ್ಯರತ್ನ’ರಾಗಿ ಐದು ವರ್ಷವಾಗಿತ್ತು. ಅಷ್ಟಕ್ಕೆ ಸುಮ್ಮನಿರದೆ ಅದನ್ನು ಹಿತ್ತಾಳೆ ಅಕ್ಷರದಲ್ಲಿ ಗೇಟಿನ ಮೇಲೆ ಹಾಕಿಸಿದ್ದರು. ಅವರ ಪೋಸ್ಟ್‌ಮ್ಯಾನ್ ಅದು ಮನೆಯ ಹೆಸರೆಂದು ತಿಳಿದು, ದಿವಾಕರರ ಹೆಂಡತಿಯನ್ನು ಮಿಸೆಸ್ ರತ್ನ ಎಂದು ಕರೆಯುತ್ತಿದ್ದ. ಇಂಥ ದಿವಾಕರರು ಪ್ರತಿ ಸಮಾರಂಭದಲ್ಲೂ ರಾಮಪ್ಪನವರ ಭುಜ ತಟ್ಟಿ, “ನಿಮ್ದು ಯಾವಾಗ ಸರ್?” ಎಂದು ಕೇಳುತ್ತಿದ್ದರು. ಮದುವೆಯಾಗದ ಹುಡುಗಿಯನ್ನು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು.

ಸೆಪ್ಟೆಂಬರಿನಲ್ಲಿ ಕೂಟದ ಕಾರ್ಯದರ್ಶಿ ದಿನೇಶ ಫೋನ್ ಮಾಡಿದ. ಬೆಂಗಳೂರಿನ ಹುಡುಗ, ಸಾಲ್ಫರ್ಡ್‌ನಲ್ಲಿ ಐಟಿ ಕೆಲಸ, ಮಾತು ಮಾತ್ರ ಮದುವೆ ಮನೆಯ ಕಾಂಟ್ರಾಕ್ಟರನದು.

“ಡಾಕ್ಟ್ರೇ, ಈ ಸಲ ನೀವೇ. ಕಮಿಟಿ ಯುನಾನಿಮಸ್ಸು. ಆದ್ರೆ ಬಿರುದೇ ಒಂದು ಪ್ರಾಬ್ಲಮ್ಮು. ರತ್ನ, ಭೂಷಣ, ತಿಲಕ, ಚೂಡಾಮಣಿ, ಎಲ್ಲಾ ಖಾಲಿ. ‘ಗಾನಸಿಂಧು’ ಒಂದು ಉಳ್ಕೊಂಡಿದೆ. ನೀವು ಹಾಡಲ್ವಲ್ಲ?”

ಹಾಡುವುದಿಲ್ಲ ಎಂದು ಒಪ್ಪಿಕೊಳ್ಳುವಾಗ ಡಾಕ್ಟರಿಗೆ ತುಸು ಸಂಕಟವೇ ಆಯಿತು. ಒಂದು ವಾರ ಟೈಮ್ ಕೇಳಿದರು.

ನಿವೃತ್ತರಾದ ಮೇಲೆ ಅವರು ಮಂಗಳವಾರದ ಮಂಗಳವಾರ ಲೈಬ್ರರಿಯಲ್ಲಿ ನಡೆಯುವ ಇತಿಹಾಸದ ತರಗತಿಗೆ ಹೋಗುತ್ತಿದ್ದರು. ಹನ್ನೊಂದು ಜನ ಮುದುಕರು, ಒಂದು ಹೀಟರು, ಆರು ವಾರ ರೋಮನ್ನರು. ಅಲ್ಲಿ ಅವರಿಗೊಂದು ಸತ್ಯ ತಿಳಿಯಿತು. ರೋಮಿನಲ್ಲಿ ಸೇನಾಪತಿಯಾದವನು ಯಾವ ಸೀಮೆಯನ್ನು ಗೆಲ್ಲುತ್ತಾನೋ ಆ ಸೀಮೆಯ ಹೆಸರನ್ನೇ ಅವನ ಹೆಸರಿಗೆ ಬಾಲವಾಗಿ ಕಟ್ಟುತ್ತಿದ್ದರು. ಆಫ್ರಿಕಾದಲ್ಲಿ ಗೆದ್ದವನು ಆಫ್ರಿಕಾನಸ್, ಜರ್ಮನರನ್ನು ಗೆದ್ದವನು ಜರ್ಮಾನಿಕಸ್. ರತ್ನ ಗಿತ್ನ ಎಂಬ ಒಡವೆ ಅಂಗಡಿಯ ಮಾತೇ ಇಲ್ಲ. ಹಾಗಾದರೆ ಬ್ರಿಟನ್ ಗೆದ್ದವನು? ಬ್ರಿಟಾನಿಕಸ್! ಡಾಕ್ಟರಿಗೆ ಕೂತಲ್ಲೇ ರೋಮಾಂಚನವಾಯಿತು.

ಇವರು ಬ್ರಿಟನ್ನಿನಲ್ಲಿ ಗೆದ್ದದ್ದೇನು ಎಂದು ಯಾರೂ ಕೇಳಬಾರದು. ಕೇಳಿದರೆ ಉತ್ತರವೂ ಇತ್ತು. ಪಕ್ಕದ ಮನೆಯವರ ಬೇಲಿ ತಮ್ಮ ಅಡುಗೆಮನೆಯ ಬೆಳಕನ್ನು ತಡೆಯುತ್ತದೆಂದು ಏಳು ವರ್ಷ ಕೌನ್ಸಿಲ್‌ಗೆ ಪತ್ರ ಬರೆದು, ಕೊನೆಗೆ ಅದನ್ನು ಒಂದೂವರೆ ಅಡಿ ಕತ್ತರಿಸಿ ಹಾಕಿಸಿದ್ದರು. ಆಫ್ರಿಕಾನಸ್ ಎದುರಿಸಿದ್ದು ಆನೆಗಳನ್ನಂತೆ. ಆನೆ ಕೌನ್ಸಿಲ್‌ನಷ್ಟು ಮೊಂಡು ಪ್ರಾಣಿಯಲ್ಲ.

ದಿನೇಶನಿಗೆ ವಿಷಯ ತಿಳಿಸಿದಾಗ ಅವನು “ಸೂಪರ್ ಡಾಕ್ಟ್ರೇ, ಇಂಟರ್‌ನ್ಯಾಷನಲ್ ಆಗಿದೆ” ಎಂದು ಒಂದೇ ಉಸಿರಿನಲ್ಲಿ ಒಪ್ಪಿದ. ಫಲಕ ಕೆತ್ತಲು ಹೋಯಿತು.

ಈಗ ಒಂದು ಗುಟ್ಟು ಹೇಳಲೇಬೇಕು. ಡಾಕ್ಟರ ಹೆಸರು ಸಿದ್ ರಾಮಪ್ಪ ಅಲ್ಲ. ಬೈಲಹೊಂಗಲದಿಂದ ತಂದ ಪಾಸ್‌ಪೋರ್ಟಿನಲ್ಲಿ ಅವರು ಸಿದ್ದರಾಮಪ್ಪ ಚನ್ನಬಸಪ್ಪ ಕಡ್ಲಿ. ಅಜ್ಜನ ಅಜ್ಜ ಭಟ್ಟಿ ಇಟ್ಟು ಕಡಲೆ ಹುರಿದು ಮಾರುತ್ತಿದ್ದ, ಊರವರು ಮನೆತನಕ್ಕೇ ಕಡ್ಲಿ ಅಂದರು, ಅದೇ ನಿಂತಿತು. ಆ ಸೀಮೆಯಲ್ಲಿ ಇದೇನು ಹೊಸದಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸಿಮರದ, ಎಲ್ಲರೂ ಗಂಭೀರವಾಗಿ ಕೋರ್ಟು ಕಚೇರಿ ನಡೆಸಿಕೊಂಡು ಬಂದವರೇ. ಆದರೆ ಹುಬ್ಬಳ್ಳಿಯ ಮೆಡಿಕಲ್ ಹಾಸ್ಟೆಲ್ಲಿಗೆ ದಕ್ಷಿಣದ ಹುಡುಗರೂ ಬಂದಿದ್ದರು. ಹುರಿಗಡ್ಲೆ, ಪುಟಾಣಿ, ಗುಗ್ಗರಿ ಎಂದು ಕರೆದರು. ಅಂತಿಮ ಪರೀಕ್ಷೆಯ ಬೆಳಿಗ್ಗೆ ಅವರ ಕೋಣೆಯ ಬಾಗಿಲಿಗೆ ಒಂದು ಪೊಟ್ಟಣ ಹುರಿಗಡಲೆ ಕಟ್ಟಿ, ‘ಸ್ವಂತ ತಯಾರಿಕೆ’ ಎಂದು ಬರೆದಿದ್ದರು. ಸಿದ್ದರಾಮಪ್ಪ ಅವತ್ತೇ ನಿಶ್ಚಯ ಮಾಡಿಕೊಂಡರು.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಇಂಗ್ಲೆಂಡಿಗೆ ಇಳಿದ ಮೊದಲ ಚಳಿಗಾಲದಲ್ಲೇ ವಕೀಲರ ಕಚೇರಿಗೆ ಹೋಗಿ ಹೆಸರು ಬದಲಿಸಿಕೊಂಡರು. ಶಿವಶರಣನ ಹೆಸರನ್ನು ನಡುವೆ ಕೊಯ್ದು ಎರಡು ತುಂಡು ಮಾಡಿದರು, ಅದೂ ಅನಸ್ತೇಶಿಯಾ ಇಲ್ಲದೆ. ಮುಂದಿನ ತುಂಡು ಸಿದ್, ಹಿಂದಿನದು ರಾಮಪ್ಪ. ಕಡ್ಲಿ ಕಸದ ಬುಟ್ಟಿಗೆ. ಇದರ ಫಲವಾಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ ನಲವತ್ತು ವರ್ಷ ಲೆಸ್ಟರ್‌ನ ದೇವಸ್ಥಾನದಲ್ಲಿ ರಾಮನವಮಿಯ ಪಾನಕ ಹಂಚಬೇಕಾಯಿತು. ‘ರಾಮಪ್ಪ ಅಂದ ಮೇಲೆ ನಿಮ್ಮದೇ ಹಬ್ಬವಲ್ಲವೇ’ ಎಂದು ಅಲ್ಲಿನವರು ಕರೆದರೆ ಏನೆಂದು ಹೇಳುವುದು?

ಮರುವರ್ಷ ಹೆಂಡತಿ ಬಸವ್ವ ಬಂದಳು. ಏರ್‌ಪೋರ್ಟಿನಿಂದ ಮನೆಗೆ ಬರುವಷ್ಟರಲ್ಲಿ ಅವಳೂ ಬೆಸ್ ಆಗಿದ್ದಳು. ಎಮ್ಮೆಯನ್ನು ಹಟ್ಟಿಗೆ ಕರೆದಂತೆ ಕೇಳಿಸಿದರೂ ಅವಳು ಓಗೊಟ್ಟಳು. ಊರಿಗೆ ಹೋದಾಗಲೂ ಡಾಕ್ಟರು ಬೈಲಹೊಂಗಲಕ್ಕೆ ಕಾಲಿಡದೆ, ಬೆಂಗಳೂರಿನ ಹೋಟೆಲಿಗೇ ನೆಂಟರನ್ನು ಕರೆಸುತ್ತಿದ್ದರು. ಬಂದವರು ಮರ್ಯಾದೆಗೆ ‘ಡಾಕ್ಟರ’ ಎನ್ನುತ್ತಿದ್ದರು. ಹೀಗಾಗಿ ಮಗಳು ನಿವೇದಿತಾ ಮೂವತ್ತೆಂಟು ವರ್ಷ ಬೆಳೆದರೂ ತಾನು ಯಾರ ಮನೆಯವಳು ಎಂಬುದನ್ನು ಕೇಳಿರಲಿಲ್ಲ.

ಈ ನಿವೇದಿತಾ ಶೆಫೀಲ್ಡ್‌ನ ಒಂದು ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದಳು. ಡಾಕ್ಟರ ಮನೆಯಲ್ಲಿ ಹುಟ್ಟಿ ಲ್ಯಾಟಿನ್ ಓದುವುದೆಂದರೆ ಏನು ಕಡಿಮೆ ದುರಂತವೇ? ಹಾಗಾಗಿ ಆ ವಿಷಯವನ್ನು ಮನೆಯಲ್ಲಿ ಹೆಚ್ಚು ಎತ್ತುತ್ತಿರಲಿಲ್ಲ. ಅಕ್ಟೋಬರಿನ ಒಂದು ಭಾನುವಾರ ಊಟಕ್ಕೆ ಬಂದವಳು ಬಿರುದಿನ ಸುದ್ದಿ ಕೇಳಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ಬ್ರಿಟಾನಿಕಸ್? ಸೀರಿಯಸ್ಲಿ, ಅಪ್ಪಾಜಿ?” ಅವಳದು ತಾಯಿಯಿಂದ ಕಲಿತ ಧಾರವಾಡದ ಕನ್ನಡ, ಉಚ್ಚಾರ ಮಾತ್ರ ಶೆಫೀಲ್ಡಿನದು. “ಅದನ್ನ ಸೆನೆಟ್‌ನವರು ಕ್ಲಾಡಿಯಸ್ ಚಕ್ರವರ್ತಿಗೆ ಕೊಟ್ರು. ಅಂವಾ ತಾನು ಇಟ್ಕೊಳ್ಳಲಿಲ್ಲ, ಮಗನಿಗೆ ಇಟ್ಟ. ಆ ಹುಡುಗಗ ಹದಿನಾಲ್ಕು ತುಂಬೂಕಿಂತ ಮೊದಲ ಊಟದಾಗ ವಿಷಾ ಹಾಕಿ ಕೊಂದ್ರಂತ.”

“ಊಟದಾಗ?”

“ಊಟದಾಗ.”

ಬಸವ್ವ ಪಲ್ಯ ಬಡಿಸುತ್ತ, “ಈ ಸಲ ಕೂಟದ ಊಟ ಯಾರು ಮಾಡಾಕತ್ತಾರ್ರಿ?” ಎಂದು ಕೇಳಿದಳು.

ಡಾಕ್ಟರು ಹೆಂಡತಿಯನ್ನು ಕೆಕ್ಕರಿಸಿ ನೋಡಿದರು. ನಿವೇದಿತಾ ನಿಲ್ಲಿಸಲಿಲ್ಲ. ತನ್ನ ವಿಷಯದ ಬಗ್ಗೆ ಈ ಮನೆಯಲ್ಲಿ ಯಾರಾದರೂ ಕಿವಿಗೊಟ್ಟದ್ದು ಅದೇ ಮೊದಲು. ಕ್ರೀಟ್ ದ್ವೀಪದ ಮೇಲೆ ದಂಡೆತ್ತಿ ಹೋಗಿ ಸೋತು ಸುಣ್ಣವಾಗಿ ಬಂದ ಒಬ್ಬನಿಗೆ ರೋಮಿನವರು ಕುಚೋದ್ಯಕ್ಕೇ ಕ್ರೆಟಿಕಸ್ ಎಂದು ಹೆಸರಿಟ್ಟ ಕಥೆ ಹೇಳಿದಳು. ಹೆಣ್ಣುಮಕ್ಕಳಿಗಂತೂ ಹೆಸರಿಡುವ ಗೋಜಿಗೇ ಹೋಗದೆ, ಅಪ್ಪನ ಕುಲದ ಹೆಸರಿಗೆ ಒಂದು ‘ಆ’ ಹಚ್ಚಿ, ದೊಡ್ಡವಳು, ಸಣ್ಣವಳು, ಮೂರನೆಯವಳು ಎಂದು ಕರೆದು ಕೈ ತೊಳೆದುಕೊಳ್ಳುತ್ತಿದ್ದರು ಎಂದಳು.

“ಮಜಾ ಅಂದ್ರ ದೊಡ್ಡ ದೊಡ್ಡ ಮನಿತನದ ಹೆಸರು. ಎಲ್ಲಾ ಕಿರಾಣಿ ಅಂಗಡಿ! ಫೇಬಿಯಸ್ ಅಂದ್ರ ಅವರಿಕಾಳು, ಲೆಂಟುಲಸ್ ಅಂದ್ರ ಚನ್ನಂಗಿ ಬ್ಯಾಳಿ, ಪೀಸೋ ಅಂದ್ರ ವಟಾಣಿ. ಅವರ ಎಲ್ಲಾರಕಿಂತ ದೊಡ್ಡ ಭಾಷಣಕಾರ ಇದ್ದನಲ್ಲಾ, ಅವನ ಅಡ್ಡಹೆಸರು ಕಡ್ಲಿ. ಎಲೆಕ್ಷನ್‌ಗೆ ನಿಂತಾಗ ದೋಸ್ತರು ಹೆಸರು ಬದಲಿ ಮಾಡ್ಕೋ ಅಂದ್ರಂತ. ಅಂವಾ ಒಲ್ಲೆ ಅಂದ.”

ಡಾಕ್ಟರಿಗೆ ತುತ್ತು ನೆತ್ತಿಗೆ ಹತ್ತಿತು. ಬಸವ್ವ ನೀರು ಕೊಟ್ಟಳು, ಆದರೆ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನಮ್ಮದೇನು ಅಪ್ಪಾಜಿ? ಆ ಕಡೆ ಎಲ್ಲಾರಿಗೂ ಅಡ್ಡಹೆಸರು ಇರ್ತಾವಲ್ಲಾ. ನನ್ನ ಕ್ಲಾಸಿನ ಹುಡುಗರು ತಮ್ತಮ್ಮ ಸರ್‌ನೇಮ್ ಹುಡುಕ್ಕೊಂಡು ಬಂದಾರ. ಮಿಸ್, ನಿಮ್ದೇನು ಅಂತ ಕೇಳಿದ್ರು. ನನಗ ಹೇಳಾಕ ಬರಲಿಲ್ಲ.”

“ನಮಗ ಇಲ್ಲ,” ಎಂದರು ಡಾಕ್ಟರು. “ರಾಮಪ್ಪ. ಅಷ್ಟ.”

ಮಗಳು ಹೋದ ಮೇಲೆ ಬಸವ್ವ ಪಾತ್ರೆ ತೊಳೆಯುತ್ತ ಬೆನ್ನು ಹಾಕಿಕೊಂಡೇ ಹೇಳಿದಳು. “ಕೂಸು ಕೇಳಾಕತ್ತಾಳ. ಹೇಳಿಬಿಡ್ರಿ.”

“ಹುಚ್ಚು ಹಿಡದೈತೇನು? ಫಲಕ ಕೆತ್ತಿ ಆಗೇತಿ. ಆ ದಿವಾಕರಗ ಗೊತ್ತಾತಂದ್ರ ಬರ್ಮಿಂಗ್‌ಹ್ಯಾಮ್ ತುಂಬ ಡಂಗುರ ಹೊಡೀತಾನ. ನಲವತ್ನಾಕು ವರ್ಷ ಮುಚ್ಚಿಟ್ಟೇನಿ ಬೆಸ್. ಸಾಯೂತನಕ ಮುಚ್ಚಿಡ್ತೇನಿ. ನೀನೂ ಬಾಯಿ ಬಿಡಬ್ಯಾಡ.”

“ನಾ ಯಾವಾಗ ನಿಮ್ಮ ಹೆಸರು ಹೇಳೇನ್ರಿ?” ಎಂದಳು ಬಸವ್ವ. ಅದೂ ನಿಜವೇ. ಗಂಡನ ಹೆಸರು ಹೇಳಬಾರದೆಂದು ಕಲಿತು ಬಂದವಳು ಅವಳು. ಇಷ್ಟು ವರ್ಷವೂ ‘ರೀ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ಮಾಡಿದ್ದಳು. ಡಾಕ್ಟರು ನಿಶ್ಚಿಂತರಾದರು.

ನವೆಂಬರಿನ ಎರಡನೆಯ ಶನಿವಾರ ಮಧ್ಯಾಹ್ನ ಲೆಸ್ಟರ್‌ನ ಕಮ್ಯೂನಿಟಿ ಹಾಲಿನಲ್ಲಿ ರಾಜ್ಯೋತ್ಸವ ನಡೆಯಿತು. ಭುವನೇಶ್ವರಿಯ ಪಟಕ್ಕೆ ಹಾರ, ಮಕ್ಕಳ ಕೋಲಾಟ, ಮೈಕಿನ ಕಿರಿಚಾಟ, ಹಿಂದುಗಡೆಯಿಂದ ಬಿಸಿಬೇಳೆಭಾತಿನ ವಾಸನೆ. ಜನರ ಕಣ್ಣು ವೇದಿಕೆಯ ಮೇಲೆ, ಮೂಗು ಅಡುಗೆಮನೆಯ ಕಡೆ. ಮೊದಲ ಸಾಲಿನಲ್ಲಿ ವೈದ್ಯರತ್ನ ದಿವಾಕರರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಿವೇದಿತಾ ಹಿಂದಿನ ಬಾಗಿಲ ಬಳಿ ನಿಂತಿದ್ದಳು.

ದಿನೇಶ ಬಿನ್ನವತ್ತಳೆ ಓದಿದ. ಅದರಲ್ಲಿ ಡಾಕ್ಟರು ಕರುಣೆಯ ಕಡಲು, ಸೇವೆಯ ಶಿಖರ, ಕನ್ನಡದ ಕಲ್ಪವೃಕ್ಷ ಎಲ್ಲವೂ ಆಗಿದ್ದರು. ಹೋದ ವರ್ಷ ಇನ್ನೊಬ್ಬರಿಗೆ ಓದಿದ್ದೂ ಇದನ್ನೇ, ಹೆಸರೊಂದು ಬದಲಾಗಿತ್ತು. “ಇಂಥ ಮಹನೀಯರಿಗೆ ‘ಬ್ರಿಟಾನಿಕಸ್’ ಎಂಬ ಬಿರುದನ್ನು ನೀಡಲು ಹರ್ಷಿಸುತ್ತೇವೆ!” ಎಂದಾಗ ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ಮೂರನೇ ಸಾಲಿನಲ್ಲಿ ಯಾರೋ, “ಬಿಸ್ಕತ್ತಿನ ಏಜೆನ್ಸಿ ತಗೊಂಡ್ರಾ?” ಎಂದು ಕೇಳಿದರು. ಆದರೂ ಚಪ್ಪಾಳೆ ಬಿತ್ತು. ಪೇಟ ತಲೆಯ ಮೇಲೆ ಕೂತಿತು. ಅದು ಒಂದು ಸೈಜು ದೊಡ್ಡದಾಗಿ ಕಿವಿಯವರೆಗೆ ಇಳಿದರೂ, ಡಾಕ್ಟರು ದಿವಾಕರರನ್ನು ಅದರ ಅಂಚಿನ ಕೆಳಗಿನಿಂದ ತೃಪ್ತಿಯಾಗಿ ನೋಡಿದರು. ಜೀವನದಲ್ಲಿ ಇನ್ನೇನೂ ಬೇಡ ಅನಿಸಿತು.

ಅಷ್ಟಕ್ಕೇ ಬಿಡಬಾರದಿತ್ತೇ ದಿನೇಶ? ಅವನಿಗೆ ಕಾರ್ಯಕ್ರಮ ತುಂಬಿಸುವ ಹುಚ್ಚು. “ಪ್ರತಿ ಯಶಸ್ವಿ ಪುರುಷನ ಹಿಂದೆ ಯಾರಿರ್ತಾರೆ ಅಂತ ಎಲ್ರಿಗೂ ಗೊತ್ತು. ಪ್ಲೀಸ್ ವೆಲ್ಕಮ್, ನಮ್ಮ ಶ್ರೀಮತಿ ಬೆಸ್ ಬ್ರಿಟಾನಿಕಾ! ಮೇಡಮ್, ಎರಡು ಮಾತು.”

ಬಸವ್ವ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು ಮೈಕಿನ ಮುಂದೆ ಬಂದಳು. ಸುತ್ತ ನೋಡಿದಳು. ಹಿಂದಿನ ಬಾಗಿಲ ಬಳಿ ನಿಂತ ಮಗಳನ್ನು ನೋಡಿದಳು.

“ನನಗ ಭಾಷಣ ಬರೂದಿಲ್ರಿ,” ಎಂದಳು. “ಒಡಪು ಬರತೈತಿ.”

ಬೆಂಗಳೂರಿನವರಿಗೆ ತಿಳಿಯಲಿಲ್ಲ. ಅಲ್ಲಲ್ಲಿ ಕೂತಿದ್ದ ಬಿಜಾಪುರ, ಬೆಳಗಾವಿ ಕಡೆಯ ಹೆಂಗಸರು ಮಾತ್ರ ತಟ್ಟನೆ ನೆಟ್ಟಗೆ ಕೂತರು. ಹೆಂಡತಿಯಾದವಳು ಗಂಡನ ಹೆಸರನ್ನು ನಾಲ್ಕು ಜನರ ಮುಂದೆ ಹೇಳಬಹುದಾದದ್ದು ಅದೊಂದೇ ದಾರಿಯಲ್ಲಿ: ಶುಭಕಾರ್ಯದಲ್ಲಿ, ಪ್ರಾಸ ಕಟ್ಟಿ, ಪದ್ಯದೊಳಗೆ. ಡಾಕ್ಟರಿಗೆ ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಸನ್ನೆ ಮಾಡೋಣವೆಂದರೆ ಒಂದು ಕೈಯಲ್ಲಿ ಫಲಕ, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿ, ಕಣ್ಣಿನ ಮೇಲೆ ಪೇಟ.

ಬಸವ್ವ ನಿಧಾನವಾಗಿ, ಒಂದೊಂದು ಮಾತೂ ಗೋಡೆಗೆ ತಾಗಿ ಬರುವಂತೆ ಹೇಳಿದಳು:

“ಬ್ಯಾಳಿ ಕುದಿಸಿ ಹೂರಣ ಅರದು ಮಾಡಿದ ಹೋಳಿಗಿಗಿ ಬೇಕು ತುಪ್ಪ,
ಮಂದಿ ಕೊಟ್ಟ ಹೆಸರು ನೂರು, ನನ್ನ ಕೈ ಹಿಡದವರು ಬೈಲಹೊಂಗಲದ ಕಡ್ಲಿ ಸಿದ್ದರಾಮಪ್ಪ!”

“ಭಲೇ ಅಕ್ಕಾ!” ಎಂದು ಉತ್ತರದ ಹೆಂಗಸರು ಚಪ್ಪಾಳೆ ಹೊಡೆದರು. ಅದು ನಿಂತ ಮೇಲೆ ದಿವಾಕರರ ದನಿ, ಹೃದಯತಜ್ಞರದಾದರೂ ಹೃದಯವೇ ಇಲ್ಲದ ದನಿ, ಸಭೆಯೆಲ್ಲ ಕೇಳುವಂತೆ ಎದ್ದಿತು. “ಕಡ್ಲಿ? ತಿನ್ನೋ ಕಡ್ಲೆನಾ?”

ಸಭೆ ನಕ್ಕಿತು. ನಲವತ್ತನಾಲ್ಕು ವರ್ಷದಿಂದ ಡಾಕ್ಟರು ಯಾವ ನಗುವಿಗೆ ಹೆದರಿ ಬದುಕಿದ್ದರೋ ಅದೇ ನಗು.

ಅವರಿಗೆ ಹಾಸ್ಟೆಲ್ಲಿನ ಬಾಗಿಲು ನೆನಪಾಗಬೇಕಿತ್ತು, ಆಗಲಿಲ್ಲ. ಅಪ್ಪ ನೆನಪಾದ. ಚನ್ನಬಸಪ್ಪ ತಿಂಗಳಿಗೊಂದು ಏರ್‌ಮೇಲ್ ಬರೆಯುತ್ತಿದ್ದ, ಹಿಂಬದಿಯಲ್ಲಿ ಕಷ್ಟಪಟ್ಟು ಕಲಿತ ಇಂಗ್ಲಿಷ್ ಅಕ್ಷರದಲ್ಲಿ ಸಿ. ಎಸ್. ಕಡ್ಲಿ, ಬೈಲಹೊಂಗಲ ಎಂದು ದಪ್ಪಗೆ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದ. ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಕಾಗದ ನೋಡುತ್ತಾಳೆ, ಹೊರಗೆ ಅಡ್ಡಹೆಸರು ಬರೆಯಬೇಡ ಎಂದು ಮಗ ಒಮ್ಮೆ ಬರೆದ. ಆಮೇಲೆ ಬಂದ ಕಾಗದಗಳ ಹಿಂಬದಿ ಬರಿದಾಗಿರುತ್ತಿತ್ತು. ಒಳಗೆ ಸಹಿಯ ಜಾಗದಲ್ಲೂ ಹೆಸರಿರಲಿಲ್ಲ. ‘ನಿಮ್ಮ ತಂದೆ’ ಎಂದಷ್ಟೇ. ಹೆತ್ತ ಮಗನಿಗೆ ‘ನಿಮ್ಮ’ ಎಂದು. ಅಪ್ಪ ಸಾಯುವವರೆಗೆ, ಐದು ವರ್ಷ, ಹಾಗೇ ಬರೆದ. ಅದನ್ನು ಓದುವಾಗಲೆಲ್ಲ ಸಿದ್ದರಾಮಪ್ಪನಿಗೆ ನಾಚಿಕೆಯಾಗಿತ್ತು. ಆದರೂ ಮತ್ತೆ ಬರೆ ಎಂದು ಹೇಳಿರಲಿಲ್ಲ.

ಮೈಕು ಈಗ ಅವರ ಮುಂದಿತ್ತು. ಜೇಬಿನಲ್ಲಿ ನಾಲ್ಕು ಪುಟದ ಭಾಷಣ, ಅದರಲ್ಲಿ ಆಫ್ರಿಕಾನಸ್ಸನಿಂದ ಹಿಡಿದು ತಮ್ಮವರೆಗೆ ಎಲ್ಲರೂ ಇದ್ದರು. ಸಭೆಯಲ್ಲಿ ಆಡಲೆಂದೇ ರೂಢಿಸಿಕೊಂಡಿದ್ದ ಬೆಂಗಳೂರಿನ ಕನ್ನಡವೂ ಇತ್ತು. ಯಾವುದೂ ಹೊರಗೆ ಬರಲಿಲ್ಲ.

“ಹೌದ್ರಿ ದಿವಾಕರ,” ಎಂದರು. “ತಿನ್ನೂ ಕಡ್ಲಿನ. ನಾ ಸಿದ್ದರಾಮಪ್ಪ ಚನ್ನಬಸಪ್ಪ ಕಡ್ಲಿ. ನಮ್ಮಪ್ಪ...” ಮಾತು ಅಲ್ಲಿಗೇ ಬಿಟ್ಟು ಹೋಗಿ ಕೂತುಬಿಟ್ಟರು.

ಆವತ್ತಿನ ಅತಿ ದೊಡ್ಡ ಚಪ್ಪಾಳೆ ಆ ಭಾಷಣಕ್ಕೇ ಬಿತ್ತು. ಅದು ಸತ್ಯಕ್ಕೆ ಸಂದ ಗೌರವ ಎಂದೇನೂ ತಿಳಿಯಬೇಕಾಗಿಲ್ಲ. ಊಟಕ್ಕೆ ತಡವಾಗಿತ್ತು, ಭಾಷಣ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಊಟದ ಸಾಲಿನಲ್ಲಿ ಮೂವರು ಆಗಲೇ ಅವರನ್ನು “ಕಡ್ಲಿ ಡಾಕ್ಟ್ರೇ” ಎಂದು ಕರೆದರು. ಬ್ರಿಟಾನಿಕಸ್ ಎಂದು ಯಾರೂ ಕರೆಯಲಿಲ್ಲ. ಅದನ್ನು ಉಚ್ಚರಿಸುವುದು ಕಷ್ಟ.

ನಾಲ್ಕೂವರೆಗೆ ಮನೆಯ ಕಡೆ ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ನಿವೇದಿತಾ ಕೂತಿದ್ದಳು.

“ಹನ್ನೆರಡು ವರ್ಷದಿಂದ ಆ ಭಾಷಣಕಾರನ ಪಾಠ ಮಾಡಾಕತ್ತೇನಿ,” ಎಂದಳು. “ಹೆಸರು ಬಿಡಲಿಲ್ಲ ಅಂತ ಪ್ರತಿ ವರ್ಷ ಹುಡುಗರಿಗೆ ಹೇಳ್ತೇನಿ. ನನಗ ಹೇಳಬೇಕು ಅಂತ ಒಮ್ಮೆನೂ ಅನಸಲಿಲ್ಲೇನು ಅಪ್ಪಾಜಿ?” ದನಿಯಲ್ಲಿ ನಗುವಿರಲಿಲ್ಲ, ಸಿಟ್ಟಿತ್ತು. ಡಾಕ್ಟರು ತಪ್ಪಾಯಿತು ಎಂದರು. ಆ ಮಾತನ್ನು ಅವರ ಬಾಯಿಂದ ಕೇಳಿದವರಲ್ಲಿ ಬಹುಶಃ ಲೆಸ್ಟರ್ ಜಿಲ್ಲೆಗೇ ಅವಳು ಮೊದಲಿಗಳು.

ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಿತ್ತು. ಡಾಕ್ಟರು ಪಕ್ಕದ ಸೀಟಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಮಗಳಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, “ಇನ್ನೊಮ್ಮೆ ಹೇಳು, ಆ ಒಡಪು,” ಎಂದರು. “ಮದುವ್ಯಾಗ ಒಮ್ಮೆ ನನ್ನ ಹೆಸರು ಹೇಳಿದ್ದಿ. ಆಮ್ಯಾಲ ಇವತ್ತ.”

ಬಸವ್ವ ಮಡಿಲಲ್ಲಿದ್ದ ಹಣ್ಣಿನ ಬುಟ್ಟಿಯನ್ನು ಸರಿಮಾಡಿಕೊಂಡಳು.

“ಒಡಪು ದಿನಾ ಹೇಳೂದಲ್ರಿ. ಗಂಡನ ಹೆಸರು ಹೇಳಾಕ ನನಗ ಸಭಾ ಬೇಕು, ಹಾಡು ಬೇಕು, ನೆವ ಬೇಕು.” ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ಹೆಂಡ್ತಿ ಹೆಸರು ಹೇಳಾಕ ನಿಮಗ ಏನೂ ಬೇಕಾಗಿದ್ದಿಲ್ಲ. ನಲವತ್ಮೂರು ವರ್ಷದಾಗ ಒಮ್ಮೆರ ಕರದೀರೇನು?”

ಹಸಿರು ಬಿತ್ತು. ಡಾಕ್ಟರು ಬಾಯಿ ತೆರೆದರು. ‘ಬೆ’ ಎಂದು ಶುರುವಾದದ್ದನ್ನು ಕಚ್ಚಿ ಹಿಡಿದರು. ಹಿಂದಿನ ಕಾರಿನವನು ಹಾರನ್ ಹೊಡೆದ, ಅವರು ಕದಲಲಿಲ್ಲ.

“ಬಸವ್ವಾ,” ಎಂದರು.

ಅವಳು ತಕ್ಷಣ ಓಗೊಡಲಿಲ್ಲ. ಯಾರನ್ನು ಕರೆದದ್ದು ಎಂದು ತಿಳಿಯಲು ಅವಳಿಗೇ ಸ್ವಲ್ಪ ಹೊತ್ತು ಬೇಕಾಯಿತು.